ಅಂಗಳದ ಊಟದಲ್ಲಿ ನಾಯಿಯ ಪಾಲು

ಸೊಲ್ಲಾಪುರದಿಂದ ಹೈದರಾಬಾದಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65 ನಳದುರ್ಗವನ್ನು ದಾಟಿ, ಉಮರ್ಗಾ ಪಟ್ಟಣವನ್ನು ಹಾದು, ಬೀದರ್ ಜಿಲ್ಲೆಯ ಗಡಿಯನ್ನು ಮುಟ್ಟುವವರೆಗೂ ದಾರಿಹೋಕರಿಗೆ ಊಟ ದೊರೆಯುವುದು ಬಹುಮಟ್ಟಿಗೆ ಢಾಬಾಗಳ ತೆರೆದ ಅಂಗಳದಲ್ಲಿ. ಢಾಬಾ ಎಂದರೆ ಒಲೆಯ ಮೇಲೊಂದು ತಗಡಿನ ಚಪ್ಪರ, ಅದರ ಮುಂದೆ ಬೇವಿನ ನೆರಳು, ನೆರಳಿನಲ್ಲಿ ಹೊರಸು ಇಲ್ಲವೆ ಪ್ಲಾಸ್ಟಿಕ್ ಕುರ್ಚಿ, ಆಚೆಗೆ ಲಾರಿ ನಿಲ್ಲುವ ಬಯಲು, ಇಷ್ಟನ್ನೂ ಒಳಗೊಂಡ ಗೋಡೆಯಿಲ್ಲದ ಊಟದ ಮನೆ. ಇಂಥ ಅಂಗಳಕ್ಕೆ ಸಾಕುನಾಯಿಯನ್ನು ಜೊತೆಗೆ ಕರೆತಂದು ಕೂರಬಹುದೇ ಎಂಬ ಪ್ರಶ್ನೆ ಪುಣೆ, ಹೈದರಾಬಾದ್, ಬೆಂಗಳೂರಿನ ಕಾರುಗಳೊಂದಿಗೆ ಈ ಸೀಮೆಗೂ ಬಂದು ಇಳಿಯುತ್ತಿದೆ. ದೊಡ್ಡ ನಗರಗಳಲ್ಲಿ ಇದನ್ನು ಹೋಟೆಲಿನ ಸೌಕರ್ಯಗಳ ಸಾಲಿಗೆ ಸೇರಿಸಿ, ಅನುಮತಿ ಉಂಟು ಅಥವಾ ಇಲ್ಲ ಎಂದು ಫಲಕ ತೂಗಿ ಮುಗಿಸಬಹುದು. ಉಮರ್ಗಾ, ನಿಲಂಗಾ, ಉದಗೀರಗಳ ಗಡಿಸೀಮೆಯಲ್ಲಿ ಅಷ್ಟಕ್ಕೇ ಮುಗಿಯದು. ಏಕೆಂದರೆ ಇಲ್ಲಿ ಊಟದ ಅಂಗಳದಲ್ಲಿ ನಾಯಿಗೆ ಮೊದಲಿನಿಂದಲೂ ಒಂದು ಪಾಲಿದೆ, ಆ ಪಾಲಿಗೆ ಅದರದೇ ಹೊತ್ತು, ಜಾಗ ಮತ್ತು ಕ್ರಮಗಳಿವೆ, ಮತ್ತು ಹೊಸದಾಗಿ ಬರುವ ಹಗ್ಗದ ನಾಯಿ ಆ ಕ್ರಮದ ನಡುವೆಯೇ ಕೂರಬೇಕಾಗುತ್ತದೆ.

ಈ ಮೂರು ತಾಲ್ಲೂಕುಗಳು ಇಂದು ಮಹಾರಾಷ್ಟ್ರದ ಮರಾಠವಾಡ ಸೀಮೆಯಲ್ಲಿವೆ: ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿ, ನಿಲಂಗಾ ಮತ್ತು ಉದಗೀರ 1982ರಲ್ಲಿ ರಚನೆಯಾದ ಲಾತೂರ ಜಿಲ್ಲೆಯಲ್ಲಿ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ನಿಲಂಗಾ ಮತ್ತು ಉದಗೀರಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ಭಾಗವಾಗಿದ್ದುದರಿಂದ, ಗಡಿಯ ಎರಡೂ ಬದಿಯ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದುಗಳು ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಅಂಗಳದ ನಾಯಿ ಮರಾಠಿಯ ‘ಹಾಡ್’ ಎಂಬ ಗದರಿಕೆಗೂ ಕನ್ನಡದ ‘ಹಚಾ’ ಎಂಬುದಕ್ಕೂ ಸಮನಾಗಿ ಹಿಂದೆ ಸರಿಯುತ್ತದೆ. ಊಟದ ಮನೆಗಳಲ್ಲೂ ಇಂಥದೇ ಬೆರಕೆಯಿದೆ. ಪೇಟೆಯೊಳಗಿನ ಖಾನಾವಳಿ ನಾಲ್ಕು ಗೋಡೆಗಳ ನಡುವಿನದು, ಅಲ್ಲಿ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿಯ ಊಟ ನಡೆಯುತ್ತದೆ, ಅಲ್ಲಿಗೆ ನಾಯಿ ಹೊಸ್ತಿಲು ದಾಟಿ ಬರುವಂತಿಲ್ಲ. ಚಹಾದ ಟಪರಿ ರಸ್ತೆಯ ಅಂಚಿನದು, ಅಲ್ಲಿ ನಾಯಿ ಬಿಸ್ಕತ್ತಿಗಾಗಿ ಕಾಯುತ್ತದೆ. ಢಾಬಾ ಇವೆರಡರ ನಡುವೆ ನಿಲ್ಲುವುದರಿಂದ, ಪ್ರಶ್ನೆ ಏಳುವುದೂ ಅಲ್ಲಿಯೇ.

ನಾಯಿಯ ಪಾಲನ್ನು ಅರಿಯಲು ಈ ನೆಲದ ದೈವದಿಂದ ಆರಂಭಿಸಬೇಕು. ಮರಾಠಿಯಲ್ಲಿ ಖಂಡೋಬಾ, ಕನ್ನಡದಲ್ಲಿ ಮೈಲಾರಲಿಂಗ ಅಥವಾ ಮೈಲಾರ ಮಲ್ಲಣ್ಣ ಎಂದು ಕರೆಯಿಸಿಕೊಳ್ಳುವ ಈ ದೇವರು ಕುದುರೆ ಏರಿದವನು, ಭಂಡಾರ ಎಂಬ ಅರಿಸಿನದ ಪುಡಿ ಪ್ರಿಯವಾದವನು, ಮತ್ತು ನಾಯಿಯನ್ನು ಜೊತೆಗಿಟ್ಟುಕೊಂಡವನು. ಉಮರ್ಗಾದ ಪಶ್ಚಿಮಕ್ಕೆ ಅದೇ ಹೆದ್ದಾರಿಯ ಸೀಮೆಯಲ್ಲಿರುವ ಅಣದೂರು ಮತ್ತು ನಳದುರ್ಗಗಳು ಅವನ ಹೆಸರಾಂತ ಸ್ಥಾನಗಳು. ವರ್ಷದ ಒಂದು ಭಾಗ ಒಂದು ಊರಿನಲ್ಲಿ, ಉಳಿದ ಭಾಗ ಇನ್ನೊಂದು ಊರಿನಲ್ಲಿ ದೇವರು ನೆಲೆಸುವ ಪದ್ಧತಿ ಅಲ್ಲಿ ಇಂದಿಗೂ ನಡೆದಿದೆ. ಪೂರ್ವಕ್ಕೆ ಬಂದರೆ ಬೀದರ್ ಜಿಲ್ಲೆಯ ಖಾನಾಪುರದ ಬಳಿಯ ಮೈಲಾರದಲ್ಲಿ ಮಲ್ಲಣ್ಣನ ಗುಡಿಯಿದೆ, ಅಲ್ಲಿಗೆ ಗಡಿಯ ಎರಡೂ ಕಡೆಯಿಂದ ಜನ ನಡೆದುಕೊಳ್ಳುತ್ತಾರೆ. ಮಣಿ ಮತ್ತು ಮಲ್ಲ ಎಂಬ ದೈತ್ಯರೊಡನೆ ನಡೆದ ಕಾಳಗದಲ್ಲಿ ದೇವರ ಜೊತೆಗಿದ್ದ ನಾಯಿಯನ್ನು ಭಕ್ತರು ಮರೆತಿಲ್ಲ. ಮರೆಯದಿರಲು ಅವರು ಹಿಡಿದಿರುವ ದಾರಿ ಬಹಳ ವಿಶಿಷ್ಟವಾದುದು, ಏಕೆಂದರೆ ಅವರು ನಾಯಿಯ ಮೂರ್ತಿಯನ್ನು ಪೂಜಿಸುವುದರಲ್ಲಿ ನಿಲ್ಲದೆ, ಊಟದ ಹೊತ್ತಿನಲ್ಲಿ ತಾವೇ ನಾಯಿಯಾಗುತ್ತಾರೆ.

ಖಂಡೋಬನಿಗೆ ಹರಕೆಯಾಗಿ ಒಪ್ಪಿಸಲ್ಪಟ್ಟ ಗಂಡಸರನ್ನು ಮರಾಠಿಯಲ್ಲಿ ವಾಘ್ಯಾ ಎನ್ನುತ್ತಾರೆ. ಅವರು ದೇವರ ನಾಯಿಗಳೆಂದೇ ತಮ್ಮನ್ನು ಭಾವಿಸಿ, ಕೋಟಂಬಾ ಎಂಬ ಭಿಕ್ಷಾಪಾತ್ರೆಯನ್ನು ಹಿಡಿದು, ವಿಶೇಷ ದಿನಗಳಲ್ಲಿ ಅದರಲ್ಲಿ ಹಾಕಿದ ಅನ್ನಕ್ಕೆ ನಾಯಿಯಂತೆ ಬೊಗಳುತ್ತ ಬಾಯಿ ಹಾಕುತ್ತಾರೆ. ಕನ್ನಡ ಸೀಮೆಯ ಮೈಲಾರನ ಗೊರವರಲ್ಲಿ, ಅಂದರೆ ಕಂಬಳಿ ಹೊದ್ದು ಡಮರು ಬಾರಿಸುತ್ತ ಬರುವ ದೇವರ ಬಳಗದವರಲ್ಲಿ, ಇದೇ ಆಚರಣೆ ದೋಣಿ ಸೇವೆ ಎಂಬ ಹೆಸರಿನಲ್ಲಿ ಉಳಿದಿದೆ: ಹಾಸಿದ ಕಂಬಳಿಯ ಮೇಲೆ ದೋಣಿ ಎಂಬ ಪಾತ್ರೆಗಳನ್ನಿಟ್ಟು ಹಾಲು, ತುಪ್ಪ, ಬಾಳೆಹಣ್ಣು ಮೊದಲಾದುವನ್ನು ಸುರಿದಾಗ ಗೊರವರು ಮಂಡಿಯೂರಿ, ಬೊಗಳುತ್ತ, ಒಬ್ಬರಿಂದೊಬ್ಬರು ಕಸಿದುಕೊಳ್ಳುತ್ತ ಉಣ್ಣುತ್ತಾರೆ. ನೋಡುವವರು ಇದನ್ನು ವಿಚಿತ್ರವೆಂದು ತಳ್ಳಿಹಾಕಬಾರದು. ದೇವರ ಮುಂದೆ ಅತ್ಯಂತ ಕೆಳಗಿನ ಸ್ಥಾನವನ್ನು ಬಯಸಿ ಪಡೆಯುವ ಭಕ್ತಿ ಅದರಲ್ಲಿದೆ, ಜೊತೆಗೆ ನಾಯಿಯ ಹಸಿವು ಮನುಷ್ಯನ ಹಸಿವಿನಷ್ಟೇ ನಿಜವೆಂಬ ಒಪ್ಪಿಗೆಯೂ ಇದೆ. ಮಾರ್ಗಶಿರ ಶುದ್ಧ ಷಷ್ಠಿಯಂದು ಬರುವ ಚಂಪಾಷಷ್ಠಿಯ ದಿನ ಮರಾಠಿ ಮನೆಗಳಲ್ಲಿ ಸಜ್ಜೆಯ ರೋಡಗೆ ಎಂಬ ದಪ್ಪ ರೊಟ್ಟಿ ಮತ್ತು ಬದನೆಕಾಯಿಯ ಭರೀತ ಮಾಡಿ ಖಂಡೋಬನಿಗೆ ಎಡೆಯಿಟ್ಟು, ಅದರಲ್ಲಿ ಒಂದು ಪಾಲನ್ನು ಬೀದಿಯ ನಾಯಿಗೆ ಉಣ್ಣಿಸುತ್ತಾರೆ. ಆ ದಿನ ನಾಯಿಗೆ ಹಾಕಿದ್ದು ಉಳಿಕೆಯೆನಿಸದೆ ನೈವೇದ್ಯವೆನಿಸುತ್ತದೆ.

ಖಂಡೋಬಾ ಪರಂಪರೆಯ ಆಚೆಗೂ ಇದೇ ಧಾಟಿ ಕಾಣುತ್ತದೆ. ಈ ಸೀಮೆಯವರು ನಡೆದುಕೊಳ್ಳುವ, ಭೀಮಾ ತೀರದ ಗಾಣಗಾಪುರದ ದತ್ತಾತ್ರೇಯನ ಚಿತ್ರಪಟಗಳಲ್ಲಿ ಅವನ ಕಾಲಬಳಿ ನಾಲ್ಕು ನಾಯಿಗಳಿರುತ್ತವೆ, ಅವನ್ನು ನಾಲ್ಕು ವೇದಗಳೆಂದು ಭಕ್ತರು ತಿಳಿಯುತ್ತಾರೆ. ಬಸವಕಲ್ಯಾಣದ ಶರಣರ ಕಥನಗಳಲ್ಲಿ ಹಾವಿನಹಾಳ ಕಲ್ಲಯ್ಯ ನಾಯಿಯ ಬಾಯಿಂದ ವೇದ ಓದಿಸಿದನೆಂಬ ಐತಿಹ್ಯವಿದೆ. ವಾರಕರಿ ಪಂಥದ ಸಂತ ನಾಮದೇವನ ರೊಟ್ಟಿಯನ್ನು ನಾಯಿಯೊಂದು ಕಚ್ಚಿಕೊಂಡು ಓಡಿದಾಗ, ಒಣ ರೊಟ್ಟಿ ಗಂಟಲಿಗೆ ಒತ್ತೀತೆಂದು ಅವನು ತುಪ್ಪದ ಬಟ್ಟಲು ಹಿಡಿದು ಅದರ ಹಿಂದೆ ಓಡಿದ ಕಥೆಯನ್ನು ಮರಾಠವಾಡದ ಮಕ್ಕಳೆಲ್ಲ ಕೇಳಿರುತ್ತಾರೆ. ಇವೆಲ್ಲವುಗಳಲ್ಲಿಯೂ ನಾಯಿ ಬರುವುದು ಅನ್ನದೊಂದಿಗೆ ಅಥವಾ ಅರಿವಿನೊಂದಿಗೆ. ತಿರಸ್ಕಾರಕ್ಕೆ ಪಾತ್ರವಾದುದನ್ನೇ ಎತ್ತಿ ತೋರಿಸುವ ಉದ್ದೇಶ ಅವುಗಳ ಹಿಂದಿದೆ.

ಆದರೆ ಪರಂಪರೆ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಗೃಹಸ್ಥನು ಉಣ್ಣುವ ಮೊದಲು ಕಾಗೆ, ನಾಯಿ ಮೊದಲಾದ ಜೀವಿಗಳಿಗೆ ನೆಲದ ಮೇಲೆ ಅನ್ನದ ತುತ್ತನ್ನು ಇಡಬೇಕೆಂದು ವಿಧಿಸುವ ಧರ್ಮಶಾಸ್ತ್ರಗಳೇ, ಶ್ರಾದ್ಧದ ಅನ್ನವನ್ನು ನಾಯಿ ನೋಡಿದರೂ ಅದು ಕೆಡುತ್ತದೆ ಎನ್ನುತ್ತವೆ. ನಾಯಿಗೆ ಪಾಲು ಕೊಡಬೇಕು, ಆದರೆ ಎಡೆಯ ಬಳಿಗೆ ಬಿಡಬಾರದು ಎಂಬ ಈ ಇಬ್ಬಗೆಯ ನಿಲುವು ಶಾಸ್ತ್ರ ಓದದ ಮನೆಗಳಲ್ಲೂ ನಡತೆಯಾಗಿ ಇಳಿದಿದೆ: ಉಂಡವರು ಎದ್ದ ಮೇಲೆ, ಕೈ ತೊಳೆಯುವ ಮೊದಲು, ಕೊನೆಯ ರೊಟ್ಟಿಯ ತುಂಡು ಅಂಗಳದ ಅಂಚಿಗೆ ಹೋಗುತ್ತದೆ. ಢಾಬಾದ ನಾಯಿ ಈ ಕ್ರಮವನ್ನು ಚೆನ್ನಾಗಿ ಬಲ್ಲದು. ಅದು ಊಟ ನಡೆಯುವಾಗ ಹೊರಸಿನಿಂದ ಹತ್ತಡಿ ದೂರದಲ್ಲಿ ಮುಂಗಾಲಿನ ಮೇಲೆ ಮೂತಿಯಿಟ್ಟು ಮಲಗಿ, ತಟ್ಟೆ ಎತ್ತುವ ಹುಡುಗ ಹಿಂಬದಿಗೆ ಹೋದಾಗ ಮಾತ್ರ ಏಳುತ್ತದೆ. ಯಾರದೂ ಅಲ್ಲದ, ಆದರೂ ಆ ಅಂಗಳದ್ದೇ ಆದ ಆ ನಾಯಿಗೆ ಒಡೆಯನಿಲ್ಲ, ಹಗ್ಗವಿಲ್ಲ, ಆದರೆ ಕೆಲಸವಿದೆ. ರಾತ್ರಿ ಲಾರಿಗಳ ಸುತ್ತ ಅಪರಿಚಿತರು ಸುಳಿದರೆ ಎಚ್ಚರಿಸುವುದು ಅದೇ.

ಈ ಸೀಮೆ ಇನ್ನೊಂದು ಬಗೆಯ ನಾಯಿಯನ್ನೂ ಬಲ್ಲದು, ಅದು ಮನುಷ್ಯನ ಜೊತೆಗೆ ನಡೆದು ಬರುವ ಒಡೆಯನುಳ್ಳ ನಾಯಿ. ಲಾತೂರ, ಧಾರಾಶಿವ ಜಿಲ್ಲೆಗಳ ಹಳ್ಳಿಗಳಲ್ಲಿ ಕಾರವಾನ್ ಅಥವಾ ಕಾರವಾನಿ ಎನ್ನುವ, ಉದ್ದ ಮೂತಿ, ಒಳಸೇರಿದ ಹೊಟ್ಟೆ, ನೀಳ ಕಾಲುಗಳ ಬೇಟೆನಾಯಿಯನ್ನು ತಲೆಮಾರುಗಳಿಂದ ಸಾಕುತ್ತ ಬಂದಿದ್ದಾರೆ. ಕಿವಿ ಮತ್ತು ಬಾಲದಲ್ಲಿ ರೇಷ್ಮೆಯಂಥ ಕೂದಲಿರುವ ಬಗೆಗೆ ಪಶ್ಮಿ ಎನ್ನುತ್ತಾರೆ. ಕರ್ನಾಟಕದಲ್ಲಿ ಇದರ ಹತ್ತಿರದ ಬಂಧುವಿಗೆ ಮುಧೋಳ ನಾಯಿ ಎಂದು ಹೆಸರು. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಮರಿಗಳನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ಆ ಹೆಸರು ದೂರಕ್ಕೆ ಹಬ್ಬಿತು, 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವನ್ನು ನಡೆಸುತ್ತಿರುವುದು ಉದಗೀರಕ್ಕೆ ನೆರೆಯ ಬೀದರಿನಲ್ಲಿ ನೆಲೆಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ.

ನಾಯಿಯನ್ನು ಗೌರವಿಸುವ ಅರಸೊತ್ತಿಗೆಯ ನೆನಪುಗಳೂ ಈ ನೆಲಕ್ಕೆ ಹತ್ತಿರದವು. ಉಮರ್ಗಾಕ್ಕೆ ಸಮೀಪದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಸಾರಮೇಯ ವಿನೋದ, ಅಂದರೆ ಬೇಟೆನಾಯಿಗಳ ವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಅದಕ್ಕೂ ಹಿಂದಿನ ರಾಷ್ಟ್ರಕೂಟರು ತಮ್ಮನ್ನು ಲತ್ತಲೂರು ಪುರದ ಒಡೆಯರೆಂದು ಕರೆದುಕೊಂಡರು, ಆ ಲತ್ತಲೂರನ್ನು ಇಂದಿನ ಲಾತೂರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವರ ಪೈಕಿ ಮೂರನೇ ಕೃಷ್ಣನ ಕಾಲದಲ್ಲಿ, ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದ ಬಳಿಕ, ಗಂಗ ಬೂತುಗನ ಸೇವಕನಾದ ಮಣಲೆರ ಎಂಬ ವೀರ ತನ್ನ ಪರಾಕ್ರಮಕ್ಕೆ ಮೆಚ್ಚಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ ಎರಡೂ ಸತ್ತಾಗ ನಿಲ್ಲಿಸಿದ ಆತಕೂರಿನ ಕಲ್ಲು, ಸುಮಾರು 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಶಾಸನದ ಒಂದು ಕಟ್ಟಳೆ ಈ ಲೇಖನದ ವಿಷಯಕ್ಕೆ ನೇರವಾಗಿ ತಾಗುತ್ತದೆ: ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಅರ್ಚಕ, ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂದು ಅದು ಎಚ್ಚರಿಸುತ್ತದೆ. ಸತ್ತ ನಾಯಿಯನ್ನು ನೆನೆಯದೆ ತುತ್ತು ಎತ್ತಬಾರದೆಂಬ ಕಟ್ಟಳೆ ಸಾವಿರ ವರ್ಷಗಳ ಹಿಂದೆ ಕನ್ನಡದಲ್ಲಿ ಕಲ್ಲಿನ ಮೇಲೆ ಬರೆಯಲ್ಪಟ್ಟಿತ್ತು ಎಂಬುದು ಹೆಮ್ಮೆಪಡತಕ್ಕ ಸಂಗತಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ಕಡಿವಾಣ ಬಿದ್ದ ಮೇಲೆ ಕಾರವಾನಿ ನಾಯಿಗೆ ಹೆಚ್ಚಾಗಿ ಹೊಲ, ಕೊಟ್ಟಿಗೆ ಕಾಯುವ ಕೆಲಸ ಉಳಿಯಿತು. ಇಂಥ ನಾಯಿಯನ್ನು ಢಾಬಾಕ್ಕೆ ಕರೆದೊಯ್ಯುವವರು ಅದರ ಸ್ವಭಾವವನ್ನು ತಿಳಿದಿರಬೇಕು. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ಜಾತಿಯಾದುದರಿಂದ, ದೂರದಲ್ಲಿ ಮೊಲವೋ ಬೆಕ್ಕೋ ಚಲಿಸಿದ್ದು ಕಂಡೊಡನೆ ಒಡೆಯನ ಕೂಗನ್ನೂ ಲೆಕ್ಕಿಸದೆ ಓಟ ಕೀಳುತ್ತದೆ. ಅಂಗಳದ ಆಚೆಗೆ ನಾಲ್ಕು ಪಥದ ಹೆದ್ದಾರಿ ಇರುವಾಗ ಆ ಓಟ ಅದರ ಕೊನೆಯ ಓಟವಾಗಬಹುದು. ಅಪರಿಚಿತರು ಮೈದಡವುವುದನ್ನು ಈ ತಳಿ ಸಾಮಾನ್ಯವಾಗಿ ಸಹಿಸುವುದಿಲ್ಲ. ನಗರದ ಲ್ಯಾಬ್ರಡಾರ್‌ನ ಸಲಿಗೆಯನ್ನು ಇದರಿಂದ ನಿರೀಕ್ಷಿಸುವುದು ನಾಯಿಗೂ ಅದನ್ನು ಮುಟ್ಟಲು ಬರುವ ಮಗುವಿಗೂ ಅಪಾಯ.

ನಾಯಿಯ ಪ್ರವೇಶದ ಮಾತನ್ನು ಮರಾಠವಾಡದಲ್ಲಿ ಆಡುವಾಗ ಇನ್ನೊಂದು ಇತಿಹಾಸವನ್ನು ಬದಿಗಿಡಲಾಗದು. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಮಹಾಡದ ಚವದಾರ ಕೆರೆಯ ನೀರನ್ನು ಕುಡಿದಾಗ, ಪ್ರಾಣಿಗಳು ಮುಟ್ಟಬಹುದಾದ ನೀರನ್ನು ಮನುಷ್ಯರು ಮುಟ್ಟಬಾರದೆಂಬ ಕ್ರೌರ್ಯವೇ ಆ ಸತ್ಯಾಗ್ರಹದ ಎದುರಿಗಿತ್ತು. ಊಟದ ಮನೆಗಳ ಕಥೆಯೂ ಬೇರೆಯಾಗಿರಲಿಲ್ಲ. ದಲಿತರಿಗೆ ಹೊರಗೆ ಬೇರೆ ಲೋಟ, ಬೇರೆ ಜಾಗ ಇಡುವ ಪದ್ಧತಿ ದಕ್ಷಿಣಾಪಥದ ಉದ್ದಕ್ಕೂ ಇತ್ತು. ಸಂವಿಧಾನದ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರಿಸಿಯೇ ಹೇಳಿದ್ದು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯ ಬಲ ಕೊಟ್ಟದ್ದು ಈ ಕಾರಣದಿಂದಲೇ. ಆದುದರಿಂದ, ಅಜ್ಜನ ಕಾಲದಲ್ಲಿ ಹೋಟೆಲಿನ ಹೊರಗೆ ಕೂತು ಚಹಾ ಕುಡಿದ ಮನೆತನದವರು ಇಂದು ಅದೇ ಹೋಟೆಲಿನ ಕುರ್ಚಿಯ ಮೇಲೆ ನಾಯಿ ಕೂತದ್ದನ್ನು ಕಂಡು ನೊಂದರೆ, ಅದನ್ನು ಪ್ರಾಣಿದ್ವೇಷವೆಂದು ಕರೆಯುವುದು ಅನ್ಯಾಯ. ನಾಯಿಗೆ ಜಾಗ ಕೊಡಬೇಕೆನ್ನುವವರು, ಆ ಅಂಗಳದಲ್ಲಿ ಎಲ್ಲ ಮನುಷ್ಯರಿಗೂ ಒಂದೇ ತಟ್ಟೆ, ಒಂದೇ ಸಾಲು ಇದೆಯೇ ಎಂದು ಮೊದಲು ನೋಡಬೇಕು. ಮತ್ತು ನಾಯಿ ನೆಲದ ಮೇಲೆ, ಕುರ್ಚಿ ಮನುಷ್ಯರಿಗೆ ಎಂಬುದನ್ನು ಬಿಟ್ಟುಕೊಡಬಾರದು.

ಉದಗೀರದಂಥ ಊರಿನಲ್ಲಿ ಮುಸ್ಲಿಂ ಗಿರಾಕಿಗಳ ಭಾವನೆಯೂ ಅಷ್ಟೇ ಮುಖ್ಯ. ನಾಯಿಯ ಜೊಲ್ಲು ತಾಗಿದ ಪಾತ್ರೆಯನ್ನು ಮತ್ತೆ ಮತ್ತೆ ತೊಳೆದು ಶುದ್ಧಗೊಳಿಸಬೇಕೆಂಬ ವಿಧಿ ಇಸ್ಲಾಮಿನ ಧರ್ಮಶಾಸ್ತ್ರದಲ್ಲಿದೆ, ನಮಾಜಿಗೆ ಹೊರಟವರ ಬಟ್ಟೆಗೆ ಆ ತೇವ ತಾಗುವುದು ಅವರಿಗೆ ತೊಡಕು. ಅದೇ ಪರಂಪರೆಯಲ್ಲಿ ಬೇಟೆಗೂ ಕಾವಲಿಗೂ ನಾಯಿ ಸಾಕಲು ಅನುಮತಿಯಿದೆ, ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತುಂಬಿ ಕುಡಿಸಿದವನ ಪಾಪ ಕ್ಷಮಿಸಲ್ಪಟ್ಟಿತೆಂದು ಹೇಳುವ ಹದೀಸ್ ಕೂಡ ಇದೆ. ಹೀಗೆ ಪಾತ್ರೆಯನ್ನು ಬೇರೆಯಿಡಬೇಕು, ಜೀವವನ್ನು ಕಾಯಬೇಕು ಎಂಬ ಎರಡು ಮಾತುಗಳು ಇಲ್ಲಿಯೂ ಒಟ್ಟಿಗೇ ನಿಲ್ಲುತ್ತವೆ, ಮತ್ತು ಅಂಗಳದ ಹಳೆಯ ಕ್ರಮ ಹೇಳುವುದೂ ಅದನ್ನೇ.

ಕಾನೂನಿನ ಕಡೆಗೆ ಬಂದರೆ, ಭಾರತದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಬಂದ ಪರವಾನಗಿ ನಿಯಮಗಳು ಆಹಾರ ತಯಾರಿಸುವ, ಕೂಡಿಡುವ ಜಾಗಗಳಿಂದ ಪ್ರಾಣಿಗಳನ್ನು ದೂರವಿಡಬೇಕೆಂಬ ಶುಚಿತ್ವದ ಷರತ್ತನ್ನು ವಿಧಿಸುತ್ತವೆ. ಊಟದ ಅಂಗಳದ ಬಗ್ಗೆ ಹೋಲಿಕೆಗಾಗಿ ಹೊರದೇಶವನ್ನು ನೋಡಿದರೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಒಪ್ಪಿ 2015ರ ಜನವರಿಯಿಂದ ಜಾರಿಗೆ ತಂದ ಕಾನೂನು, ಮಾಲೀಕನಿಗೆ ಇಷ್ಟವಿದ್ದರೆ ಹೊರಾಂಗಣದಲ್ಲಿ ಸಾಕುನಾಯಿಯನ್ನು ಬಿಡಬಹುದೆಂದಿತು. ಅದರ ಷರತ್ತುಗಳು ಗಮನಾರ್ಹ: ನಾಯಿ ಕಟ್ಟಡದೊಳಗಿಂದ ಹಾಯದೆ ಹೊರಗಿನ ದಾರಿಯಿಂದಲೇ ಬರಬೇಕು, ಹಗ್ಗದಲ್ಲಿರಬೇಕು, ಕುರ್ಚಿ ಬೆಂಚುಗಳನ್ನು ಏರಬಾರದು, ಅದಕ್ಕೆ ತಿನ್ನಿಸುವುದಾದರೆ ಒಮ್ಮೆ ಬಳಸಿ ಎಸೆಯುವ ಪಾತ್ರೆಯಲ್ಲೇ ಹಾಕಬೇಕು, ಹೊರಾಂಗಣದಲ್ಲಿ ಅಡುಗೆ ಮಾಡಬಾರದು, ಬಡಿಸುವವರು ಅದನ್ನು ಮುಟ್ಟಬಾರದು. 2022ರ ಆವೃತ್ತಿಯ ಅಮೆರಿಕದ ಆಹಾರ ಸಂಹಿತೆಯೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯ ಮೇಲೆ ಇದಕ್ಕೆ ಅವಕಾಶ ಕೊಟ್ಟಿತು. ಈ ಷರತ್ತುಗಳಲ್ಲಿ ಬಹಳಷ್ಟನ್ನು ಉಮರ್ಗಾದ ಢಾಬಾ ತನ್ನ ರಚನೆಯಿಂದಲೇ ಪೂರೈಸುತ್ತದೆ: ಬರುವ ದಾರಿ ಬಯಲಿನದೇ, ಹಾಕುವ ಪಾತ್ರೆ ಪತ್ರಾವಳಿ, ಅಂದರೆ ಮುತ್ತುಗದ ಎಲೆ ಹಚ್ಚಿದ ಊಟದೆಲೆ. ಆದರೆ ಒಂದು ವಿಷಯದಲ್ಲಿ ಅದು ಸೋಲುತ್ತದೆ. ಢಾಬಾದ ಒಲೆಯೂ ತಂದೂರೂ ಹೆಚ್ಚಾಗಿ ಅದೇ ಅಂಗಳಕ್ಕೆ ತೆರೆದಿರುತ್ತವೆ, ಕಲಸಿದ ಹಿಟ್ಟು ಗಾಳಿಗೆ ಬಿದ್ದಿರುತ್ತದೆ. ಆದುದರಿಂದ ನಾಯಿಯೊಂದಿಗೆ ಬಂದವರು ಒಲೆಗೆ ದೂರದ, ಲಾರಿಗಳ ಬಯಲಿಗೆ ಸಮೀಪದ ಕೊನೆಯ ಹೊರಸನ್ನು ಆರಿಸಿಕೊಳ್ಳುವುದೂ, ಬಡಿಸುವ ಹುಡುಗರ ಕೈಯಲ್ಲಿ ನಾಯಿಯ ತಲೆ ಸವರಿಸದಿರುವುದೂ ಲೇಸು. ನಾಯಿಯ ವಿಷಯದಲ್ಲಿ ಅಜಾಗರೂಕತೆಯಿಂದ ಇತರರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಅಡಿಯಲ್ಲಿ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಬರಬಹುದೆಂಬುದನ್ನೂ ನೆನಪಿಡಬೇಕು.

ಮರಾಠವಾಡದ ಬಿಸಿಲು ಅನುಮತಿಗಿಂತ ದೊಡ್ಡ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ನಾಯಿಯ ಸಹಜ ಮೈಬಿಸಿಯೇ 38ರಿಂದ 39 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದಕ್ಕೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಪಾದಗಳಲ್ಲಿ, ಹಾಗಾಗಿ ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಯನ್ನು ತಣಿಸಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾದಾಗ ಆ ಉಪಾಯ ಕೈಕೊಡುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟವೇ ಇಕ್ಕಟ್ಟಾದುದರಿಂದ ಈ ಸೀಮೆಯ ಮಧ್ಯಾಹ್ನದ ಪ್ರಯಾಣ ಅವಕ್ಕೆ ಪ್ರಾಣಾಂತಿಕವಾಗಬಹುದು. ಊಟ ಮುಗಿಯುವವರೆಗೆ ಕಿಟಕಿಯೇರಿಸಿದ ಕಾರಿನಲ್ಲಿ ನಾಯಿಯನ್ನು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಹೋಲಿಸಿದರೆ ಅಂಗಳದ ಬೇವಿನ ನೆರಳೇ ಸುರಕ್ಷಿತ, ಮತ್ತು ನಾಯಿಯನ್ನು ಅಂಗಳಕ್ಕೆ ಬಿಟ್ಟುಕೊಳ್ಳಿ ಎಂದು ಢಾಬಾದವರನ್ನು ಕೇಳಲು ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿಲ್ಲ. ಡಾಂಬರಿನ ಮೇಲೆ ಅಂಗೈಯಿಟ್ಟು ಕೆಲವು ಕ್ಷಣ ತಾಳಲಾಗದಿದ್ದರೆ ಆ ನೆಲದ ಮೇಲೆ ನಾಯಿಯನ್ನು ನಡೆಸಬಾರದು.

ನೀರಿನ ಮಾತೂ ಇದಕ್ಕೆ ಸೇರಿದ್ದು. 2016ರ ಏಪ್ರಿಲ್‌ನಲ್ಲಿ ಲಾತೂರ ನಗರದ ಬಾಯಾರಿಕೆ ತಣಿಸಲು ಮೀರಜದಿಂದ ರೈಲಿನ ಟ್ಯಾಂಕರುಗಳಲ್ಲಿ ನೀರು ತರಿಸಬೇಕಾಯಿತು. ಅಂಥ ನಾಡಿನಲ್ಲಿ ಢಾಬಾದ ಪಾತ್ರೆಯಿಂದ ನಾಯಿಗೆಂದು ಕೊಡ ನೀರು ಬೇಡುವುದಕ್ಕಿಂತ, ಅದರ ನೀರನ್ನೂ ಬಟ್ಟಲನ್ನೂ ಮನೆಯಿಂದಲೇ ತರುವುದು ಸಭ್ಯತೆ. ಉಳಿದ ನೀರನ್ನು ಚೆಲ್ಲದೆ ಅಂಗಳದ ನಾಯಿಯ ಬಾನಿಗೆ ಸುರಿದರೆ ಎರಡು ಜೀವಗಳ ದಾಹ ತೀರುತ್ತದೆ.

ತಟ್ಟೆಯಿಂದ ಎತ್ತಿ ಹಾಕುವ ಅಭ್ಯಾಸದ ಬಗ್ಗೆ ಪಶುವೈದ್ಯರ ಎಚ್ಚರಿಕೆ ಸ್ಪಷ್ಟವಾಗಿದೆ. ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕಯುಕ್ತ ರಾಸಾಯನಿಕಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅವುಗಳ ದೋಷ ಹೋಗದು. ಈ ಸೀಮೆಯ ಮಸಾಲೆಯ ತಳಪಾಯವೇ ಈರುಳ್ಳಿ, ಬೆಳ್ಳುಳ್ಳಿ ಎಂಬುದನ್ನು ಗಮನಿಸಿದರೆ, ಢಾಬಾದ ಯಾವ ಪಲ್ಯವೂ ರಸ್ಸಾ ಎಂಬ ಖಾರದ ಸಾರೂ ನಾಯಿಗೆ ತಕ್ಕುದಲ್ಲ. ಬೇಯಿಸಿದ ಕೋಳಿಯ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚಬಹುದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ಸುರಕ್ಷಿತವಾಗಿ ಉಳಿಯುವುದು ಏನೂ ಹಚ್ಚದ ಜೋಳದ ರೊಟ್ಟಿಯ ತುಂಡು, ಬಿಳಿ ಅನ್ನ, ಸಪ್ಪೆ ಮಜ್ಜಿಗೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಅಂಗಳದ ನಾಯಿ ಮತ್ತು ಬಂದ ನಾಯಿಗಳ ಮುಖಾಮುಖಿ. ಅಂಗಳದ ನಾಯಿಗೆ ಆ ಜಾಗ ತನ್ನದು, ತನ್ನ ಪಾಲಿನ ರೊಟ್ಟಿ ಅಲ್ಲಿದೆ. ಹಗ್ಗದ ನಾಯಿಗೆ ಹಿಂದೆ ಸರಿಯಲು ಎಡೆಯಿಲ್ಲ, ಹೊರಸಿನ ಕೆಳಗೆ ಸಿಕ್ಕಿಬಿದ್ದ ಹೆದರಿಕೆ ಅದನ್ನು ಕಚ್ಚುವಂತೆ ಮಾಡುತ್ತದೆ. ಆದುದರಿಂದ ಕಾರಿನಿಂದ ಇಳಿಯುವ ಮೊದಲೇ ಅಂಗಳದ ನಾಯಿ ಎಲ್ಲಿದೆ ಎಂದು ನೋಡುವುದು, ಹುಡುಗನಿಗೆ ಹೇಳಿ ಅದಕ್ಕೆ ಹಿಂಬದಿಯಲ್ಲಿ ರೊಟ್ಟಿ ಹಾಕಿಸುವುದು, ಎರಡೂ ಒಂದೇ ತುತ್ತಿಗೆ ಎದುರಾಗದಂತೆ ನೋಡಿಕೊಳ್ಳುವುದು ಬಂದವರ ಹೊಣೆ. ಲಸಿಕೆಗಳು ಪೂರ್ಣಗೊಳ್ಳದ ಮರಿಯನ್ನು ಇಂಥ ಜಾಗಕ್ಕೆ ತರಲೇಬಾರದು, ಪಾರ್ವೊ ಎಂಬ ವಾಂತಿಭೇದಿಯ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಉಣ್ಣಿಗಳ ಮೂಲಕ ಹರಡುವ ಜ್ವರಗಳೂ ಬೇಸಿಗೆ, ಮಳೆಗಾಲದಲ್ಲಿ ಹೆಚ್ಚು.

ರೇಬೀಸ್ ಎಂಬ ಹುಚ್ಚುನಾಯಿ ರೋಗದ ನೆರಳು ಈ ಎಲ್ಲದರ ಮೇಲಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕಿ ಉಳಿಯುವುದು ಹೆಚ್ಚುಕಡಿಮೆ ಅಸಾಧ್ಯ, ಮನುಷ್ಯರಿಗೆ ಇದು ತಗಲುವುದು ಬಹುಪಾಲು ನಾಯಿಕಡಿತದಿಂದ, ಮತ್ತು ಕಚ್ಚಿದ ಕೂಡಲೇ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡರೆ ಅದನ್ನು ತಡೆಯಬಹುದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಸಂತಾನಹರಣ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಬೀದಿಯಲ್ಲಿ ಎಲ್ಲೆಂದರಲ್ಲಿ ಅನ್ನ ಹಾಕದೆ ನಿಗದಿಯಾದ ಜಾಗಗಳಲ್ಲಿ ಹಾಕುವ ವ್ಯವಸ್ಥೆಯಾಗಬೇಕೆಂದು ಆದೇಶಿಸಿತು. ಪಾಲು ಇರಲಿ, ಅದಕ್ಕೊಂದು ಜಾಗವಿರಲಿ ಎಂಬ ಅಂಗಳದ ಕ್ರಮಕ್ಕೆ ಈ ಆದೇಶ ದೂರದ್ದಲ್ಲ.

ಹಗ್ಗದ ನಾಯಿಯನ್ನು ತರುವವರು ತಮ್ಮ ನಾಯಿಯ ಲಸಿಕೆಯ ಕಾಗದವನ್ನು ಜೊತೆಗೆ ತಂದರೆ ಅರ್ಧ ಕೆಲಸವಾಯಿತು. ಉಳಿದರ್ಧ ಅಂಗಳದ ನಾಯಿಗೆ ಸೇರಿದ್ದು, ಏಕೆಂದರೆ ಅದಕ್ಕೆ ಲಸಿಕೆ ಬಿದ್ದಿರದಿದ್ದರೆ ಬಂದ ನಾಯಿಗೂ, ಬಡಿಸುವ ಹುಡುಗನಿಗೂ, ಪಕ್ಕದ ಹೊರಸಿನ ಮಗುವಿಗೂ ರಕ್ಷಣೆಯಿಲ್ಲ. ಉದಗೀರದಲ್ಲಿ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜಿದೆ, ಬೀದರಿನಲ್ಲಿ ಕರ್ನಾಟಕದ್ದಿದೆ. ಆ ಹಾದಿಯಲ್ಲಿ ಪದೇ ಪದೇ ಓಡಾಡುತ್ತ ಒಂದೇ ಢಾಬಾದಲ್ಲಿ ಊಟಕ್ಕೆ ನಿಲ್ಲುವ ಕುಟುಂಬ, ಮಾಲೀಕನೊಡನೆ ಮಾತನಾಡಿ ಅಂಗಳದ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು ಹಾಕಿಸುವ ಖರ್ಚನ್ನು ವಹಿಸಿಕೊಂಡರೆ, ತನ್ನ ನಾಯಿಗೆ ಆ ಅಂಗಳದಲ್ಲಿ ಜಾಗ ಕೇಳುವ ಹಕ್ಕು ಅದಕ್ಕೆ ಇನ್ನಷ್ಟು ಗಟ್ಟಿಯಾಗಿ ದೊರೆಯುತ್ತದೆ.